ಹಳದಿ ಟ್ರಾಕ್ಟರಿಗೆ ಕೆಂಪು ಟ್ರಾಕ್ಟರ್ ಪಂಪು: ಹೆಸರಘಟ್ಟ ಕಡೆಯ ಒಂದು ಸ್ಟೇರಿಂಗ್ ಕೇಸು

ಪೀಣ್ಯದಲ್ಲಿ ನಮ್ದೊಂದು ಸಣ್ಣ ಹೈಡ್ರಾಲಿಕ್ ರಿಪೇರಿ ಶೆಡ್ಡು, ಜಾಸ್ತಿ ಬರೋದು ಪ್ರೆಸ್ ಸಿಲಿಂಡರ್, ಫೋರ್ಕ್‌ಲಿಫ್ಟ್, ಅಪರೂಪಕ್ಕೆ ಟಿಪ್ಪರ್ ಜಾಕು, ಟ್ರಾಕ್ಟರ್ ಬರೋದು ವರ್ಷಕ್ಕೆ ಎರಡೋ ಮೂರೋ ಅಷ್ಟೇ. ಹೋದ ವರ್ಷ ಮಳೆಗಾಲ ಮುಗೀತಾ ಇರೋ ಟೈಮಲ್ಲಿ ಹೆಸರಘಟ್ಟ ಕಡೆ ನರ್ಸರಿ ಇಟ್ಕೊಂಡಿರೋ ಒಬ್ರು ಗೌಡ್ರು ತಮ್ಮ ಹಳೇ ಟ್ರಾಕ್ಟರನ್ನ ನಮ್ಮ ಶೆಡ್ಡಿಗೆ ತಂದ್ರು. ಕೆಂಪು ಬಣ್ಣದ ಮೂರು ಸಿಲಿಂಡರ್ ಪರ್ಕಿನ್ಸ್ ಇಂಜಿನ್ ಗಾಡಿ, ಏನಿಲ್ಲ ಅಂದ್ರೂ 50 ವರ್ಷದ್ದು. ಕಂಪ್ಲೇಂಟ್ ಒಂದೇ: ಪವರ್ ಸ್ಟೇರಿಂಗ್ ಇದ್ರೂ ಸ್ಟೇರಿಂಗ್ ಗಟ್ಟಿ. ನಮಗಿಂತ ಮುಂಚೆ ಮೂರು ಜನ ಮೇಸ್ತ್ರಿಗಳು ಕೈ ಹಾಕಿದ್ರು, ಗೌಡ್ರು ಆಗ್ಲೇ ಮೂವತ್ತೆಂಟು ಸಾವಿರ ಸುರಿದಿದ್ರು, ಹಾಗಾಗಿ ನನ್ನ ಮೇಲೂ ಅವರಿಗೆ ಅಂಥ ನಂಬಿಕೆ ಏನೂ ಇರಲಿಲ್ಲ, ಬಂದಿದ್ದು ಯಾರೋ ಸಂಬಂಧಿಕರ ಮಾತಿಗೆ ಕಟ್ಟುಬಿದ್ದು.

ಮೊದಲನೇ ಮೇಸ್ತ್ರಿ ಮುಂದಿನ ಚಕ್ರ ತಿರುಗೋ ಕಿಂಗ್ ಪಿನ್, ಬುಶ್ಶು, ಥ್ರಸ್ಟ್ ಬೇರಿಂಗ್ ಎಲ್ಲಾ ಹೊಸದು ಹಾಕಿದ್ದ. ಅದು ವೇಸ್ಟ್ ಅಲ್ಲ, ಇಷ್ಟು ಹಳೇ ಗಾಡಿಗೆ ಅದು ಬೇಕೇ ಬೇಕು, ಆದ್ರೆ ಸ್ಟೇರಿಂಗ್ ಹಗುರ ಆಗ್ಲಿಲ್ಲ. ಎರಡನೆಯವನು ಹಳೇ ಪಂಪ್ ಸತ್ತಿದೆ ಅಂತ ಹೇಳಿ, ಅದನ್ನ ಕಿತ್ತು, ಆ ಜಾಗಕ್ಕೆ ಒಂದು ಪ್ಲೇಟ್ ಬಡಿದು ಮುಚ್ಚಿ, ಜೆ.ಸಿ. ರೋಡಲ್ಲಿ ಟ್ರಾಕ್ಟರ್ ಪವರ್ ಸ್ಟೇರಿಂಗ್ ಕಿಟ್ ಅಂತ ಸಿಗೋದ್ರಿಂದ ಪಂಪು, ಬೆಲ್ಟು, ಎಣ್ಣೆ ಡಬ್ಬಾ ಅಷ್ಟನ್ನ ತಂದು ಇಂಜಿನ್ ಮುಂದೆ ಪುಲ್ಲಿಗೆ ಕಟ್ಟಿದ್ದ. ಮೂರನೆಯವನು ಪ್ರೆಶರ್ ಸಾಲ್ತಿಲ್ಲ ಅಂತ, ಪ್ರೆಶರ್ ಮಿತಿ ಮೀರಿದ್ರೆ ಎಣ್ಣೆ ವಾಪಸ್ ಬಿಡೋ ರಿಲೀಫ್ ವಾಲ್ವ್ ಸ್ಪ್ರಿಂಗ್ ಹಿಂದೆ ವಾಷರ್ ತುಂಬಿದ್ದ. ಒಂದು ವಾರಕ್ಕೆ ಹೋಸ್ ಪೈಪ್ ಒಡೀತು, ಅದಕ್ಕೆ ಡಬಲ್ ಬ್ರೇಡ್ ಹೋಸ್ ಹಾಕಿದ, ಆಮೇಲೆ ಚಕ್ರ ತಿರುಗಿಸೋ ಹೈಡ್ರಾಲಿಕ್ ಸಿಲಿಂಡರ್ ಕೂತಿರೋ ಬ್ರಾಕೆಟ್ ವೆಲ್ಡಿಂಗೇ ಬಿರುಕು ಬಿಡ್ತು. ಅಲ್ಲಿಗೆ ಅವನೂ ಕೈ ಎತ್ತಿದ.

ಗಾಡಿ ಓಡಿಸ್ಕೊಂಡು ಬಂದಿದ್ದು ಗೌಡ್ರ ಹತ್ರ ಕೆಲಸ ಮಾಡೋ ಒಬ್ಬ ಹುಡುಗ, ಇಪ್ಪತ್ತೆರಡು ವರ್ಷ ಇರಬಹುದು. ಗೌಡ್ರು ನನಗೆ ಕಥೆಯೆಲ್ಲ ಹೇಳ್ತಾ ಇರುವಾಗ ಮಧ್ಯದಲ್ಲಿ ಅವನು, "ಅಣ್ಣ, ನಿಧಾನಕ್ಕೆ ತಿರುಗಿಸಿದ್ರೆ ಬೆಣ್ಣೆ ಇದ್ದಂಗೆ ಬತ್ತದೆ, ಜೋರಾಗಿ ತಿರುಗಿಸಿದ್ರೆ ಬಂಡೆ ಆಗೋಯ್ತದೆ" ಅಂದ. ಗೌಡ್ರು "ಸುಮ್ನಿರ್ಲಾ, ದೊಡ್ಡೋರು ಮಾತಾಡ್ತಾ ಇಲ್ವಾ" ಅಂತ ಅವನ ಬಾಯಿ ಮುಚ್ಚಿಸಿದ್ರು. ಈ ಕೇಸಿನ ಉತ್ತರ ಅರ್ಧ ಅಲ್ಲೇ ಇತ್ತು ಅಂತ ನನಗೂ ಹೊಳೆದಿದ್ದು ಸಾಯಂಕಾಲಕ್ಕೆ, ಆವಾಗ ಅದನ್ನ ಕೇಳಿಸ್ಕೊಂಡೂ ಕೇಳಿಸ್ಕೊಳ್ದಂಗೆ ಇದ್ದೆ.

ನನ್ನ ಕಣ್ಣಿಗೆ ಮೊದಲು ಬಿದ್ದಿದ್ದು ಬಣ್ಣ. ಬಾನೆಟ್ ಹಿಂಜ್ ಹತ್ರ ಕೆಂಪು ಚಕ್ಕೆ ಎದ್ದಿತ್ತು, ಅದರ ಕೆಳಗೆ ಹಳದಿ. ಉಗುರಲ್ಲಿ ಇನ್ನೊಂದು ಕಡೆ ಕೆರೆದೆ, ಅಲ್ಲೂ ಹಳದಿ. ಬಗ್ಗಿ ಮುಂದಿನ ಆಕ್ಸಲ್ ನೋಡಿದ್ರೆ ನೆಟ್ಟಗೆ ಅಡ್ಡಕ್ಕೆ ಒಂದೇ ಪೀಸಿನ ದಪ್ಪ ಆಕ್ಸಲ್, ಅಗಲ ಹೆಚ್ಚು ಕಮ್ಮಿ ಮಾಡೋಕೆ ತೂತೇ ಇಲ್ಲ. ಟೈರು 7.50-16. ಚಾಸಿಗೆ ಎರಡೂ ಕಡೆ, ಗೇರ್ ಬಾಕ್ಸ್ ಪಕ್ಕದಲ್ಲಿ, ಯಾವುದೋ ದಪ್ಪ ಬ್ರಾಕೆಟ್ ಕಟ್ ಮಾಡಿ ತೆಗೆದಿರೋ ಗುರುತು, ಗ್ಯಾಸ್ ಕಟ್ಟರ್ ಹೊಡೆದ ಅಂಚು ಇನ್ನೂ ಒರಟಾಗೇ ಇತ್ತು. ಗೌಡ್ರೇ, ಇದಕ್ಕೆ ಮುಂದೆ ಬಕೆಟ್ ಇತ್ತಾ ಅಂತ ಕೇಳಿದೆ. "ನಂಗೊತ್ತಿಲ್ಲ, ತಗೊಂಡಾಗಲೇ ಹಿಂಗೇ ಇತ್ತು, ಉಳೋ ಗಾಡಿ ಅಂತ ಹೇಳಿ ಕೊಟ್ಟ" ಅಂದ್ರು. ಮಾರಿದವನು ಯಾವುದೋ ಹಳೇ ಫ್ಯಾಕ್ಟರಿ ಯಾರ್ಡಿಂದ ಹರಾಜಲ್ಲಿ ಹಿಡಿದಿದ್ದಂತೆ. ಮಾಡೆಲ್ ಪ್ಲೇಟ್ ಇರಬೇಕಾದ ಜಾಗದಲ್ಲಿ ಎರಡು ರಿವೆಟ್ ತೂತು ಮಾತ್ರ ಉಳಿದಿತ್ತು. ಅಂದ್ರೆ ಇದು ಹುಟ್ಟಿದ್ದು ಹೊಲಕ್ಕಲ್ಲ, ಇಂಡಸ್ಟ್ರಿಗೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗ್ಬೇಕು, ಯಾಕಂದ್ರೆ ತುಂಬಾ ಜನಕ್ಕೆ ಟ್ರಾಕ್ಟರಲ್ಲಿ ಹೀಗೆ ಎರಡು ಜಾತಿ ಇರುತ್ತೆ ಅನ್ನೋದೇ ಗೊತ್ತಿಲ್ಲ. ಈಗ ನಾವು ಹಳದಿ ಮಣ್ಣು ತೋಡೋ ಗಾಡಿ ಯಾವುದೇ ಇರಲಿ ಜೆಸಿಬಿ ಅಂತೀವಿ, ಆ ಕಂಪನಿ ಎಸ್ಕಾರ್ಟ್ಸ್ ಜೊತೆ ಸೇರಿ ಹರಿಯಾಣದ ಬಲ್ಲಭಗಢದಲ್ಲಿ ಶುರು ಮಾಡಿದ್ದು 1979ರಲ್ಲಿ. ಅದಕ್ಕಿಂತ ಮುಂಚೆ ಲೋಡರ್ ಕೆಲಸಕ್ಕೆ, ಅಂದ್ರೆ ಮುಂದೆ ಬಕೆಟ್ ಕಟ್ಟಿ ಮಣ್ಣು ಜಲ್ಲಿ ತುಂಬೋಕೆ, ಬೇರೆ ದೇಶಗಳ ಟ್ರಾಕ್ಟರ್ ಕಂಪನಿಗಳು ಮಾಡ್ತಿದ್ದಿದ್ದು ಏನಂದ್ರೆ, ತಮ್ಮ ಹೊಲದ ಟ್ರಾಕ್ಟರನ್ನೇ ತಗೊಂಡು ಮುಂದಿನ ಆಕ್ಸಲ್, ಸ್ಟೇರಿಂಗ್, ಪಂಪ್ ಗಟ್ಟಿ ಮಾಡಿ ಹಳದಿ ಬಣ್ಣ ಬಳಿದು ಇಂಡಸ್ಟ್ರಿಯಲ್ ಅಂತ ಮಾರೋದು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನವರು ನಂಬರಿನ ಮುಂದೆ ಒಂದು 2 ಸೇರಿಸ್ತಿದ್ರು, ಹೊಲದ್ದು 404 ಆದ್ರೆ ಇಂಡಸ್ಟ್ರಿಯಲ್ 2404, 424 ಆದ್ರೆ 2424. ಫೋರ್ಡಲ್ಲಿ ನೀಲಿ ಬಣ್ಣದ 3000ಕ್ಕೆ ಹಳದಿ ಅಣ್ಣತಮ್ಮಂದಿರು 3400, 3500, ಹಾಗೇ 4000ಕ್ಕೆ 4400, 4500. ಮ್ಯಾಸಿ ಫರ್ಗ್ಯೂಸನ್ 135 ಗಾಡಿಯ ಇಂಡಸ್ಟ್ರಿಯಲ್ ರೂಪ ಬ್ರಿಟನ್ನಲ್ಲಿ 20 ಅನ್ನೋ ನಂಬರಲ್ಲಿ, ಅಮೆರಿಕದಲ್ಲಿ 2135 ಅನ್ನೋ ನಂಬರಲ್ಲಿ ಬಂತು. ಇಂಜಿನ್ ಅದೇ, ಗೇರ್ ಬಾಕ್ಸ್ ಹೆಚ್ಚು ಕಮ್ಮಿ ಅದೇ, ಬಾನೆಟ್ಟೂ ಅದೇ ಥರ. ಹಾಗಾಗಿ ಅಂಗಡಿಗೆ ಹೋಗಿ ಇಂಥ ಟ್ರಾಕ್ಟರ್ ಸ್ಟೇರಿಂಗ್ ಪಾರ್ಟು ಕೊಡಿ ಅಂದ್ರೆ ಅವನು ಕೊಡೋದು ಹೊಲದ ಗಾಡೀದೇ, ಅವನದ್ದೇನೂ ತಪ್ಪಿಲ್ಲ.

ಹೊಲದ ಗಾಡಿ ಸ್ಟೇರಿಂಗ್ ಯಾಕೆ ಹಾಗಿದೆ ಅಂದ್ರೆ ಅದರ ಕೆಲಸ ಹಾಗಿದೆ. 1946ರಿಂದ 1956ರ ತನಕ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾದ ಫರ್ಗ್ಯೂಸನ್ ಟಿಇ-20 ಅನ್ನೋ ಬೂದು ಬಣ್ಣದ ಸಣ್ಣ ಟ್ರಾಕ್ಟರ್ ಇತ್ತಲ್ಲ, ಆಮೇಲೆ ಬಂದ ಮ್ಯಾಸಿ 35, ಅದರ ಬಳ್ಳಿಯಲ್ಲೇ ಚೆನ್ನೈಯ ಟಾಫೆ 1960ರ ದಶಕದಿಂದ ಇಲ್ಲಿ ಮಾಡ್ಕೊಂಡು ಬಂದ ಗಾಡಿಗಳು, ಇವುಗಳಲ್ಲಿ ಸಾಮಾನ್ಯವಾಗಿ ಮುಂದಿನ ಆಕ್ಸಲ್ ಮೂರು ತುಂಡು. ಮಧ್ಯದ್ದು ಒಂದು, ಅದಕ್ಕೆ ಎರಡೂ ಪಕ್ಕ ಹಿಂದಕ್ಕೆ ವಾಲಿಕೊಂಡಿರೋ ಎರಡು ತುಂಡು, ಬೋಲ್ಟ್ ಬಿಚ್ಚಿ ತೂತು ಬದಲಾಯಿಸಿದ್ರೆ ಚಕ್ರದ ಅಗಲ ಹೆಚ್ಚು ಕಮ್ಮಿ. ಸಾಲು ಬೆಳೆ ಮಧ್ಯೆ ಓಡಿಸ್ಬೇಕಲ್ಲ, ಅದಕ್ಕೆ. ಸ್ಟೇರಿಂಗ್ ಬಾಕ್ಸಿಂದ ಎಡಕ್ಕೊಂದು ಬಲಕ್ಕೊಂದು ಆರ್ಮ್, ಎರಡು ಕಡೆಗೂ ಉದ್ದಕ್ಕೆ ಡ್ರಾಗ್ ಲಿಂಕ್ ಅನ್ನೋ ಒಂದೊಂದು ರಾಡು, ಇಂಜಿನ್ನಿನ ಆ ಪಕ್ಕ ಈ ಪಕ್ಕ ಹಾದು ಒಂದೊಂದು ಚಕ್ರಕ್ಕೆ ನೇರ ಹೋಗುತ್ತೆ. ಆ ವಾಲಿಕೆ ಎಷ್ಟು ಲೆಕ್ಕ ಹಾಕಿ ಇಟ್ಟಿದ್ದಾರೆ ಅಂದ್ರೆ ಅಗಲ ಬದಲಾಯಿಸಿದ್ರೂ ಡ್ರಾಗ್ ಲಿಂಕ್ ಮುಟ್ಟೋದೇ ಬೇಡ, ಅದೇ ಉದ್ದ ಸಾಕು. ನನಗೆ ಈಗಲೂ ಅದನ್ನ ನೋಡಿದ್ರೆ ಖುಷಿ ಆಗುತ್ತೆ, ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಯಾರೋ ಸ್ಕೇಲು ಪೆನ್ಸಿಲ್ಲು ಹಿಡ್ಕೊಂಡು ಕೂತು ಮಾಡಿರೋದು.

ಇಂಥ ಗಾಡಿಗೆ ಪವರ್ ಸ್ಟೇರಿಂಗ್ ಅಂದ್ರೆ ಕೈಗೆ ಸಹಾಯ ಅಷ್ಟೇ. ಉಳುವಾಗ ಭಾರ ಹಿಂದಕ್ಕೆ ಬೀಳುತ್ತೆ, ಮುಂದಿನ ಚಕ್ರ ಹಗುರ ಆಗುತ್ತೆ, ಟೈರು 6.00-16 ಸಣ್ಣದು, ಮಣ್ಣೂ ಮೆತ್ತಗೆ. ಸಣ್ಣ ಸಿಲಿಂಡರ್ ಸಾಕು, ಸಣ್ಣ ಪಂಪ್ ಸಾಕು. ಇಂಡಸ್ಟ್ರಿಯಲ್ ಗಾಡಿ ಪೂರ್ತಿ ಉಲ್ಟಾ. ಮುಂದೆ ಬಕೆಟ್ಟಲ್ಲಿ ಜಲ್ಲಿ ತುಂಬಿದ್ರೆ ಅಷ್ಟೂ ಭಾರ ಮುಂದಿನ ಆಕ್ಸಲ್ ಮೇಲೆ, ನೆಲ ಕಾಂಕ್ರೀಟು, ನಿಂತ ಜಾಗದಲ್ಲೇ ಹಿಂದೆ ಮುಂದೆ ಮಾಡ್ತಾ ತಿರುಗಿಸ್ತಾನೇ ಇರ್ಬೇಕು, ಜೊತೆಗೆ ಒಂದು ಕೈ ಲೋಡರ್ ಲಿವರ್ ಮೇಲೇ ಇರುತ್ತೆ. ಅದಕ್ಕೇ ಅಲ್ಲಿ ಅಗಲ ಬದಲಾಗದ ನೆಟ್ಟನೆ ಆಕ್ಸಲ್, ದಪ್ಪ ಸಿಲಿಂಡರ್, ಜಾಸ್ತಿ ಎಣ್ಣೆ ಕೊಡೋ ಪಂಪು.

ಗೌಡ್ರ ಗಾಡೀಲಿ ಸ್ಟೇರಿಂಗ್ ಬಾಕ್ಸೇ ಇರಲಿಲ್ಲ. ಸ್ಟೇರಿಂಗ್ ಕಾಲಮ್ ಕೆಳಗೆ ಆರ್ಬಿಟ್ರೋಲ್ ಇತ್ತು, ಅದರಿಂದ ಎರಡು ಹೋಸು ಆಕ್ಸಲ್ ಮೇಲಿರೋ ಸಿಲಿಂಡರಿಗೆ, ಎರಡು ಚಕ್ರಕ್ಕೂ ಮಧ್ಯೆ ಒಂದು ಟೈ ರಾಡ್. ಆರ್ಬಿಟ್ರೋಲ್ ಅನ್ನೋ ಹೆಸರು ಅಮೆರಿಕದ ಮಿನೆಸೋಟಾದಲ್ಲಿ ಲಿನ್ ಚಾರ್ಲ್ಸನ್ ಅನ್ನೋರು ಕಟ್ಟಿದ ಚಾರ್-ಲಿನ್ ಕಂಪನೀದು, ಈಗ ಯಾರು ಮಾಡಿದ್ರೂ ನಮ್ಮಲ್ಲಿ ಅದೇ ಹೆಸರು. ಒಳಗೆ ಆರು ಹಲ್ಲಿನ ಒಂದು ರೋಟರು ಏಳು ಹಳ್ಳದ ರಿಂಗೊಳಗೆ ಸುತ್ತುತ್ತೆ. ನೀವು ಸ್ಟೇರಿಂಗ್ ಒಂದು ಸುತ್ತು ತಿರುಗಿಸಿದ್ರೆ ಅದು ಇಷ್ಟು ಸಿಸಿ ಎಣ್ಣೆ ಅಂತ ಅಳೆದು ಸಿಲಿಂಡರಿಗೆ ಕಳಿಸುತ್ತೆ, ಹಾಲಿನವನು ಅಳತೆ ಪಾವಲ್ಲಿ ಹಾಕಿದಂಗೆ. ಸ್ಟೇರಿಂಗಿಗೂ ಚಕ್ರಕ್ಕೂ ಮಧ್ಯೆ ಕಬ್ಬಿಣದ ಸಂಬಂಧವೇ ಇಲ್ಲ, ಇರೋದು ಎಣ್ಣೆ ಮಾತ್ರ.

ಸರಿ, ಟೆಸ್ಟಿಂಗ್ ಶುರು ಮಾಡಿದ್ವಿ. ಮುಂದೆ ಜಾಕ್ ಕೊಟ್ಟು ಎರಡೂ ಚಕ್ರ ಎತ್ತಿ, ಸಿಲಿಂಡರ್ ಪಿನ್ ಬಿಚ್ಚಿ, ಕೈಯಲ್ಲಿ ಚಕ್ರ ಆಡಿಸಿ ನೋಡಿದೆ. ಒಂದೇ ಕೈಗೆ ಬಂತು. ಮೊದಲನೇ ಮೇಸ್ತ್ರಿ ಕೆಲಸ ನೀಟಾಗೇ ಮಾಡಿದ್ದ, ಮೆಕ್ಯಾನಿಕಲ್ಲಾಗಿ ಎಲ್ಲೂ ಹಿಡೀತಿಲ್ಲ. ಪಿನ್ ವಾಪಸ್ ಹಾಕಿ, ಪಂಪ್ ಲೈನಿಗೆ ಟೀ ಜಾಯಿಂಟ್ ಕೊಟ್ಟು ಪ್ರೆಶರ್ ಗೇಜ್ ಕಟ್ಟಿ, ಗಾಡಿ ನಮ್ಮ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ ಹುಡುಗನಿಗೆ ತಿರುಗಿಸೋಕೆ ಹೇಳಿದೆ. ಕೊನೆ ತನಕ ತಿರುಗಿಸಿ ಒತ್ತಿ ಹಿಡಿದಾಗ ಗೇಜು 130 ಬಾರ್. ವಾಷರ್ ಮಹಿಮೆ. ನಿಧಾನಕ್ಕೆ ತಿರುಗಿಸ್ತಾ ಇರುವಾಗ 35, 40 ಅಷ್ಟೇ. ಅಂದ್ರೆ ನಿಂತ ಜಾಗದಲ್ಲಿ, ಸಿಮೆಂಟ್ ಮೇಲೆ ಚಕ್ರ ತಿರುಗಿಸೋಕೆ 40 ಬಾರ್ ಸಾಕು ಅಂತ ಗಾಡಿನೇ ಹೇಳ್ತಿದೆ, ಇವರು 130ಕ್ಕೆ ಏರಿಸಿ ಕೂತಿದ್ದಾರೆ.

ಆಮೇಲೆ ಜೋರಾಗಿ ತಿರುಗಿಸು ಅಂದೆ. ಅವನು ದಮ್ಮು ಕಟ್ಟಿ ತಿರುಗಿಸಿದ, ಮುಖ ಕೆಂಪಾಯ್ತು, ಗೇಜು ನೋಡಿದ್ರೆ ಮುಳ್ಳು ಮೇಲೆ ಹೋಗೋ ಬದಲು ಸೊನ್ನೆ ಹತ್ರ ಬಿದ್ದಿದೆ! ಇದನ್ನ ನೋಡಿದ ಮೇಲೆ ಬೆಣ್ಣೆ ಬಂಡೆ ಮಾತು ನೆನಪಾಯ್ತು. ಸ್ಟೇರಿಂಗ್ ಗಟ್ಟಿ ಆದಾಗ ಪ್ರೆಶರ್ ಸಾಲದೆ ಗಟ್ಟಿ ಆಗಿದ್ರೆ ಮುಳ್ಳು ರಿಲೀಫ್ ಲೆವೆಲ್ಲಿಗೆ ಹೋಗಿ ನಿಂತಿರ್ಬೇಕು. ಇಲ್ಲಿ ಬೀಳ್ತಾ ಇದೆ ಅಂದ್ರೆ ಕೈ ಕೇಳೋವಷ್ಟು ಎಣ್ಣೆ ಪಂಪ್ ಕೊಡ್ತಾನೇ ಇಲ್ಲ. ಪಂಪಿಗಿಂತ ಕೈ ಮುಂದೆ ಹೋದ ತಕ್ಷಣ ಆರ್ಬಿಟ್ರೋಲ್ ಬರೀ ಕೈಪಂಪ್ ಆಗ್ಬಿಡುತ್ತೆ, ಆಗ ಮುಂದಿನ ಚಕ್ರ ಎರಡನ್ನೂ ತಿರುಗಿಸ್ತಾ ಇರೋದು ನಿಮ್ಮ ರಟ್ಟೆ. ಜೊತೆಗೆ ಅದು ಒಳಗಿನ ಚೆಕ್ ವಾಲ್ವ್ ಮೂಲಕ ರಿಟರ್ನ್ ಲೈನಿಂದ ಎಣ್ಣೆ ಎಳ್ಕೊಳ್ಳುತ್ತೆ, ಆ ಕಿಟ್ ಡಬ್ಬಾದಲ್ಲಿ ರಿಟರ್ನ್ ಪೈಪ್ ತುದಿ ಎಣ್ಣೆ ಮಟ್ಟಕ್ಕಿಂತ ಮೇಲಿತ್ತು, ಹಾಗಾಗಿ ಗಾಳೀನೂ ಎಳ್ಕೊಂಡು ಎಣ್ಣೆಯೆಲ್ಲ ನೊರೆ. ಗೌಡ್ರು ನೊರೆ ನೋಡಿ ಎಣ್ಣೆ ಡೂಪ್ಲಿಕೇಟು ಅಂತ ಅಂದ್ಕೊಂಡು ಎರಡು ಸಲ ಬದಲಾಯಿಸಿದ್ರಂತೆ.

ಲೆಕ್ಕಕ್ಕೆ ಕೂತೆ. ಸಿಲಿಂಡರ್ ಬಿಚ್ಚಿ ಅಳೆದ್ರೆ ಬೋರ್ (ಒಳಗಿನ ಅಗಲ) 63 ಎಂಎಂ, ರಾಡ್ 32, ಸ್ಟ್ರೋಕ್ (ರಾಡ್ ಓಡೋ ದೂರ) 210. ರಾಡ್ ಇಲ್ಲದ ಕಡೆ ತುಂಬೋಕೆ ಸುಮಾರು 655 ಸಿಸಿ, ರಾಡ್ ಇರೋ ಕಡೆ 486 ಸಿಸಿ ಬೇಕು. ಆರ್ಬಿಟ್ರೋಲ್ ಮೇಲಿನ ಪ್ಲೇಟಿಗೆ ಯಾರೋ ಪೇಂಟ್ ಹೊಡೆದು ನಂಬರ್ ಕಾಣ್ತಿರಲಿಲ್ಲ, ಅದನ್ನ ಬಿಚ್ಚೋದು ಬೇಡ ಅಂತ, ಸಿಲಿಂಡರ್ ಬಿಚ್ಚೋಕೆ ಮುಂಚೆನೇ ಸ್ಟೇರಿಂಗ್ ಸುತ್ತು ಎಣಿಸಿದ್ದೆ: ಒಂದು ಕಡೆಗೆ ಪೂರ್ತಿ ಹೋಗೋಕೆ ನಾಲ್ಕು ಸುತ್ತಿಗಿಂತ ಸ್ವಲ್ಪ ಜಾಸ್ತಿ, ಆ ಕಡೆಯಿಂದ ವಾಪಸ್ ಬರೋಕೆ ಮೂರು. 655ನ್ನ 4.1ರಿಂದ ಭಾಗಿಸಿ, 486ನ್ನ 3ರಿಂದ ಭಾಗಿಸಿ, ಎರಡೂ ಕಡೆ 160 ಹತ್ರ ಬಂತು. ಅಂದ್ರೆ 160 ಸಿಸಿ ಆರ್ಬಿಟ್ರೋಲ್. ಎರಡು ಕಡೆಗೂ ಸುತ್ತು ಬೇರೆ ಬೇರೆ ಬರೋದು ನೋಡಿ ಗೌಡ್ರು ಇದೂ ಒಂದು ಫಾಲ್ಟ್ ಅಂದ್ಕೊಂಡಿದ್ರು, ಒಂದೇ ಕಡೆ ರಾಡ್ ಇರೋ ಸಿಲಿಂಡರಲ್ಲಿ ಅದು ಹಾಗೇ ಇರೋದು, ಫಾಲ್ಟ್ ಅಲ್ಲ.

ಪಂಪ್ ಎಷ್ಟು ಕೊಡುತ್ತೆ ಅಂತ ನೋಡೋಕೆ ನನ್ನ ಹತ್ರ ಫ್ಲೋ ಮೀಟರ್ ಇದೆ, ಆದ್ರೆ ಗೌಡ್ರಿಗೆ ಕಣ್ಣಾರೆ ಕಾಣ್ಲಿ ಅಂತ ಅವತ್ತು ಕ್ಯಾನ್ ಇಟ್ಟೆ. ರಿಟರ್ನ್ ಹೋಸ್ ಬಿಚ್ಚಿ ಕ್ಯಾನಿಗೆ ಬಿಟ್ಟು, ಡಬ್ಬಾಕ್ಕೆ ಎಣ್ಣೆ ಸುರೀತಾ, ಇಂಜಿನ್ 750 ಆರ್‌ಪಿಎಂ ಐಡ್ಲಿಂಗಲ್ಲಿ ಮೊಬೈಲ್ ಟೈಮರ್ ಇಟ್ಟು ಒಂದು ನಿಮಿಷ. ನಾಲ್ಕು ಲೀಟರ್ ಒಂಬೈನೂರು ಎಂಎಲ್ ಬಂತು. ಕಿಟ್ಟಲ್ಲಿ ಬಂದಿದ್ದು 8 ಸಿಸಿ ಪಂಪು, ಅಂದ್ರೆ ಪಂಪ್ ಒಂದು ಸುತ್ತಿಗೆ 8 ಸಿಸಿ ಎಣ್ಣೆ, ಸೋರಿಕೆ ಕಳೆದ್ರೆ ಇಷ್ಟೇ. ಈಗ ಭಾಗಾಕಾರ ಮಾಡಿ: ನಿಮಿಷಕ್ಕೆ 4.9 ಲೀಟರ್, ಒಂದು ಸುತ್ತಿಗೆ 160 ಸಿಸಿ, ಅಂದ್ರೆ ನಿಮಿಷಕ್ಕೆ ಮೂವತ್ತು ಸುತ್ತು. ಎರಡು ಸೆಕೆಂಡಿಗೆ ಒಂದು ಸುತ್ತು ತಿರುಗಿಸಿದ್ರೆ ಬೆಣ್ಣೆ, ಅದಕ್ಕಿಂತ ಒಂಚೂರು ಜೋರಾದ್ರೂ ಬಂಡೆ. ಹುಡುಗ ಹೇಳಿದ್ದು ಅಕ್ಷರಶಃ ಸರಿ. ರಿವರ್ಸ್ ತಗೊಳ್ಳುವಾಗ, ಗೇಟಲ್ಲಿ ತಿರುಗಿಸುವಾಗ ಯಾರು ತಾನೇ ಎರಡು ಸೆಕೆಂಡಿಗೆ ಒಂದು ಸುತ್ತು ಅಂತ ಲೆಕ್ಕ ಹಾಕ್ಕೊಂಡು ತಿರುಗಿಸ್ತಾರೆ? ಮಾಮೂಲಿ ಕೈ ಸೆಕೆಂಡಿಗೆ ಒಂದು ಸುತ್ತು ಕೇಳುತ್ತೆ, ಅಂದ್ರೆ ನಿಮಿಷಕ್ಕೆ 9.6 ಲೀಟರ್.

ಅದೇ ಪಂಪನ್ನ ಹೊಲದ ಗಾಡಿಗೆ ಹಾಕಿ ನೋಡಿ. 40 ಎಂಎಂ ಬೋರಿನ, 200 ಎಂಎಂ ಸ್ಟ್ರೋಕಿನ ಸಿಲಿಂಡರಿಗೆ ಬೇಕಾಗೋದೇ 250 ಸಿಸಿ, 80 ಸಿಸಿ ಆರ್ಬಿಟ್ರೋಲ್ ಹಾಕಿದ್ರೆ ಮೂರು ಸುತ್ತು ಸಾಕು, 4.9 ಲೀಟರಲ್ಲಿ ನಿಮಿಷಕ್ಕೆ ಅರವತ್ತು ಸುತ್ತು ಆರಾಮಾಗಿ. ಅಂದ್ರೆ ಕಿಟ್ ಮಾಡಿದವನು ಸರಿಯಾಗೇ ಮಾಡಿದ್ದಾನೆ, ಗಾಡಿ ಬೇರೆ ಅಷ್ಟೇ. ಎಂಟು ಜನ ಇರೋ ಮನೆಗೆ ಇಬ್ಬರ ಅಳತೆ ಪಾತ್ರೇಲಿ ಸಾರು ಮಾಡಿ, ಸಾಲ್ತಿಲ್ಲ ಅಂತ ಒಲೆ ಉರಿ ಜಾಸ್ತಿ ಮಾಡಿದಂಗಾಯ್ತು ಆ ವಾಷರ್ ಕೆಲಸ.

ವಾಷರ್ ಬಗ್ಗೆ ಒಂದು ಮಾತು ಹೇಳ್ಲೇಬೇಕು, ಯಾಕಂದ್ರೆ ಇದನ್ನ ಬೆಂಗಳೂರಲ್ಲಿ ತುಂಬಾ ನೋಡಿದೀನಿ. ಸ್ಟೇರಿಂಗ್ ಗಟ್ಟಿ ಅಂದ ತಕ್ಷಣ ರಿಲೀಫ್ ಟೈಟ್ ಮಾಡೋದು. ಪ್ರೆಶರ್ ಅಂದ್ರೆ ತಳ್ಳೋ ಶಕ್ತಿ, ಫ್ಲೋ ಅಂದ್ರೆ ಸ್ಪೀಡು, ಒಂದರ ಕೊರತೆ ಇನ್ನೊಂದರಿಂದ ತುಂಬಲ್ಲ. 63 ಎಂಎಂ ಬೋರಿಗೆ 60 ಬಾರ್ ಕೊಟ್ರೇ ಸಿಲಿಂಡರ್ ಸುಮಾರು 1.9 ಟನ್ ತಳ್ಳುತ್ತೆ. 40 ಎಂಎಂ ಆದ್ರೆ 770 ಕೆಜಿ. ಇವರು ಅದೇ 63ಕ್ಕೆ 130 ಬಾರ್ ಕೊಟ್ಟು ನಾಲ್ಕು ಟನ್ನಿಗಿಂತ ಜಾಸ್ತಿ ತಳ್ಳಿಸ್ತಿದ್ರು, ಚಕ್ರ ಕೊನೆಗೆ ಹೋಗಿ ಸ್ಟಾಪಿಗೆ ತಾಗಿದ ಮೇಲೂ ಹುಡುಗ ಒತ್ತಿ ಹಿಡಿದ್ರೆ ಆ ನಾಲ್ಕು ಟನ್ನೂ ಹೋಗೋದು ಬ್ರಾಕೆಟ್ ಮೇಲೇನೇ. ವೆಲ್ಡಿಂಗ್ ಬಿರುಕು ಬಿಟ್ಟಿದ್ದು ಆಶ್ಚರ್ಯ ಅಲ್ಲ, ಅಷ್ಟು ದಿನ ತಡೆದಿದ್ದೇ ಆಶ್ಚರ್ಯ.

ಇಷ್ಟು ಗೊತ್ತಾದ ಮೇಲೆ ದಾರಿ ಮೂರು ಇತ್ತು, ಗೌಡ್ರನ್ನ ಪಕ್ಕದ ಟೀ ಅಂಗಡೀಲಿ ಕೂರಿಸ್ಕೊಂಡು ಮಾತಾಡಿದೆ. ಆರ್ಬಿಟ್ರೋಲ್ ಸಣ್ಣದು ಹಾಕಿದ್ರೆ ಪಂಪ್ ಹಾಗೇ ಇಟ್ಕೋಬಹುದು, ಆದ್ರೆ 80 ಸಿಸಿ ಹಾಕಿದ್ರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಂಟು ಸುತ್ತು ತಿರುಗಿಸ್ಬೇಕು, ಬಾವಿಯಿಂದ ನೀರು ಸೇದಿದಂಗೆ. ಎರಡನೇದು, ಲೋಡರ್ ಹೇಗೂ ಇಲ್ಲ, ಅಷ್ಟು ದಪ್ಪ ಸಿಲಿಂಡರ್ ಯಾಕೆ, 50 ಎಂಎಂ ಬೋರ್ ಸಿಲಿಂಡರ್ ಮಾಡಿಸಿ 100 ಸಿಸಿ ಆರ್ಬಿಟ್ರೋಲ್ ಹಾಕೋಣ, ನಾಲ್ಕು ಸುತ್ತಲ್ಲಿ ಮುಗಿಯುತ್ತೆ, ನಿಮಿಷಕ್ಕೆ ಆರು ಲೀಟರ್ ಸಾಕು. ಮೂರನೇದು, ಗಾಡಿ ಹುಟ್ಟಿದಾಗ ಹೇಗಿತ್ತೋ ಹಾಗೇ ಇರ್ಲಿ ಬಿಡಿ, ಪಂಪ್ ಮಾತ್ರ ದೊಡ್ಡದು ಮಾಡೋಣ.

ಗೌಡ್ರು ಇನ್ನೊಂದು ಕೇಳಿದ್ರು. "ಅಲ್ಲಾ ಸಾರ್, ಹೆಂಗೂ ಬಿಚ್ಚಿದೀರ, ಹಳೇ ಕೆಂಪು ಗಾಡೀದೇ ಆಕ್ಸಲ್ಲು ಗುಜರೀಲಿ ಸಿಗ್ತದೆ, ಅದನ್ನೇ ಹಾಕ್ಬುಡಿ, ಹಿಪ್ಪುನೇರಳೆ ಸಾಲಿಗೆ ಅಗಲ ಹೊಂದಿಸ್ಕೋಬೋದು." ಆಸೆ ತಪ್ಪಲ್ಲ, ಅವರಿಗೆ ಬೇಕಿದ್ದಿದ್ದೇ ಹೊಲದ ಗಾಡಿ. ಆದ್ರೆ ಆ ಆಕ್ಸಲ್ ಹಾಕ್ಬೇಕು ಅಂದ್ರೆ ಎರಡು ಡ್ರಾಗ್ ಲಿಂಕ್ ಬೇಕು, ಡ್ರಾಗ್ ಲಿಂಕಿಗೆ ಎರಡು ಆರ್ಮಿನ ಸ್ಟೇರಿಂಗ್ ಬಾಕ್ಸ್ ಬೇಕು, ಬಾಕ್ಸ್ ಕೂರೋಕೆ ಅದರ ಹೌಸಿಂಗ್ ಬೇಕು, ಮುಂದಿನ ಸಪೋರ್ಟ್ ಬದಲಾಗ್ಬೇಕು, ಅಂದ್ರೆ ಸೂಜಿ ಎಳೆಯೋಕೆ ಹೋದ್ರೆ ಚೀಲವೇ ಬರುತ್ತೆ. ಲೆಕ್ಕ ಕೇಳಿ ಗೌಡ್ರು ಟೀ ಲೋಟ ಕೆಳಗಿಟ್ರು. ಹೊಲದಲ್ಲಿ ಸಾಲಿನ ಮಧ್ಯೆ ಪವರ್ ಟಿಲ್ಲರೇ ಓಡಿಸ್ತೀನಿ, ಇದು ಟ್ರೇಲರ್ ಎಳೀಲಿ, ಬೇಸಿಗೇಲಿ ನೀರಿನ ಟ್ಯಾಂಕರ್ ಎಳೀಲಿ, ಸಾಕು ಅಂದ್ರು.

ಟ್ಯಾಂಕರ್ ಅಂದ ತಕ್ಷಣ ನನಗೆ ಇನ್ನೊಂದು ವಿಷಯ ತಲೆಗೆ ಬಂತು, ಅದನ್ನ ಹುಡುಗನಿಗೂ ಕೂರಿಸಿ ಹೇಳಿದೆ. ಬಾಕ್ಸು, ಡ್ರಾಗ್ ಲಿಂಕು ಇರೋ ಹೊಲದ ಗಾಡೀಲಿ ಬೆಲ್ಟ್ ಹರಿದು ಹೋದ್ರೂ ಇಂಜಿನ್ ಆಫ್ ಆದ್ರೂ ಹಳೇ ಕಾಲದ ಗಾಡಿ ಥರ ಸ್ಟೇರಿಂಗ್ ತಿರುಗುತ್ತೆ, ಭಾರ ಆಗುತ್ತೆ ಅಷ್ಟೇ. ಇದರಲ್ಲಿ ಬೆಲ್ಟ್ ಹೋದ್ರೆ ಆರ್ಬಿಟ್ರೋಲ್ ಕೈಪಂಪ್ ಆಗುತ್ತೆ, ಅದೂ 160 ಸಿಸಿ ದೊಡ್ಡದು, ದೊಡ್ಡದಾದಷ್ಟೂ ಕೈಗೆ ಭಾರ. ಹೋಸೇ ಒಡೆದು ಎಣ್ಣೆ ಹೊರಗೆ ಹೋದ್ರೆ ಅದೂ ಇಲ್ಲ. ಹಿಂದೆ ತುಂಬಿದ ನೀರಿನ ಟ್ಯಾಂಕರ್ ತಳ್ತಾ ಇರುತ್ತೆ, ಇಳಿಜಾರು ಬೇರೆ. ಅದಕ್ಕೆ ಇಳಿಜಾರಲ್ಲಿ ಇಂಜಿನ್ ಆಫ್ ಮಾಡಿ ಡೀಸೆಲ್ ಉಳಿಸೋ ಬುದ್ಧಿ ಈ ಗಾಡೀಲಿ ಬೇಡವೇ ಬೇಡ ಅಂದೆ. ಹುಡುಗ ತಲೆ ತಗ್ಗಿಸಿ ನಕ್ಕ, ಅಂದ್ರೆ ಮಾಡ್ತಾ ಇದ್ದ.

ಮೂರನೇ ದಾರಿನೇ ಹಿಡಿದ್ವಿ. ಎಸ್‌ಜೆಪಿ ರೋಡಿಂದ 14 ಸಿಸಿ ಗೇರ್ ಪಂಪ್ ತಂದೆ, 750 ಆರ್‌ಪಿಎಂಗೆ ಲೆಕ್ಕದಲ್ಲಿ 10.5 ಲೀಟರ್, ಸೋರಿಕೆ ಕಳೆದು ಒಂಬತ್ತೂವರೆ ಮೇಲೆ ನಿಲ್ಲುತ್ತೆ ಅನ್ನೋ ಅಂದಾಜು. ಬರೀ ಪಂಪ್ ಬದಲಾಯಿಸಿ ಬಿಟ್ರೆ ಇನ್ನೊಂದು ತಲೆನೋವು, ಇಂಜಿನ್ 2,000 ಹೋದಾಗ ಅದೇ ಪಂಪ್ 28 ಲೀಟರ್ ತಳ್ಳುತ್ತೆ, ಅಷ್ಟನ್ನೂ ಸುಮ್ನೆ ಆರ್ಬಿಟ್ರೋಲ್ ಮೂಲಕ ಸುತ್ತಿಸಿದ್ರೆ ಎಣ್ಣೆ ಕಾಯುತ್ತೆ. ಅದಕ್ಕೆ ಮಧ್ಯೆ ಮೂರು ಪೋರ್ಟಿನ ಒಂದು ಫ್ಲೋ ಕಂಟ್ರೋಲ್ ವಾಲ್ವ್ ಹಾಕಿ, 12 ಲೀಟರ್ ಸ್ಟೇರಿಂಗಿಗೆ, ಮಿಕ್ಕಿದ್ದು ಸೀದಾ ಟ್ಯಾಂಕಿಗೆ. ಟ್ಯಾಂಕಿಂದ ಪಂಪಿಗೆ ಎಣ್ಣೆ ಎಳೆಯೋ ಸಕ್ಷನ್ ಹೋಸ್ ಕಿಟ್ಟಲ್ಲಿ ಬಂದಿದ್ದು ಬೆರಳು ಗಾತ್ರದ್ದು, ಅದನ್ನ ಮುಕ್ಕಾಲು ಇಂಚಿಗೆ ಏರಿಸಿದ್ವಿ, ಇಲ್ಲಾಂದ್ರೆ ಹೊಸ ಪಂಪ್ ಎಣ್ಣೆ ಸಿಗದೆ ಮೂರೇ ತಿಂಗಳಿಗೆ ಕಿರುಚೋಕೆ ಶುರು ಮಾಡುತ್ತೆ. ಎರಡು ಲೀಟರಿನ ಆ ಪ್ಲಾಸ್ಟಿಕ್ ಡಬ್ಬಾ ಬಿಸಾಕಿ ಹತ್ತು ಲೀಟರಿನ ಶೀಟ್ ಟ್ಯಾಂಕ್ ಮಾಡಿಸಿ, ರಿಟರ್ನ್ ಪೈಪ್ ತಳದ ತನಕ ಇಳಿಸಿದ್ವಿ. ಬ್ರಾಕೆಟ್ ವೆಲ್ಡಿಂಗ್ ಗ್ರೈಂಡ್ ಮಾಡಿ ತೆಗೆದು, ಮೂಲೆಗೆ ಗಸೆಟ್ ಅನ್ನೋ ಬಲದ ಪ್ಲೇಟ್ ಕೊಟ್ಟು ಹೊಸದಾಗಿ ಹೊಡೆಸಿದ್ವಿ. ವಾಷರ್ ನಾಲ್ಕೂ ಹಳೇ ಪಂಪಿನ ಜೊತೆನೇ ಹೋಯ್ತು, ಹೊಸ ರಿಲೀಫ್ 70 ಬಾರಿಗೆ ಸೆಟ್ ಮಾಡಿದೆ, ಗಾಡಿಗೆ ಬೇಕಿರೋದು 40, ಮೇಲೆ ಅಷ್ಟು ಇದ್ರೆ ಧಾರಾಳ.

ಬೆಲ್ಟ್ ವಿಷಯದಲ್ಲಿ ಮಾತ್ರ ನಾನೇ ಒಂದು ತಪ್ಪು ಮಾಡಿದೆ. ಹಳೇ ಸಿಂಗಲ್ ಬೆಲ್ಟೇ ಸಾಕು ಅಂದ್ಕೊಂಡು ಹಾಗೇ ಬಿಟ್ಟಿದ್ದೆ, ಮೊದಲ ಟ್ರಯಲ್ಲಲ್ಲೇ ಚಕ್ರ ಕೊನೆಗೆ ಹೋದಾಗ ಬೆಲ್ಟ್ ಜಾರಿ ಕಿರ್ರೋ ಅಂತು. ಪಂಪ್ ದೊಡ್ಡದಾದ್ರೆ ಅದನ್ನ ತಿರುಗಿಸೋ ಭಾರಾನೂ ದೊಡ್ಡದಾಗುತ್ತೆ ಅನ್ನೋ ಇಷ್ಟು ಸಣ್ಣ ವಿಷಯ ಮರೆತಿದ್ದೆ. ಮಾರನೇ ದಿನ ಲೇತಲ್ಲಿ ಎರಡು ಗ್ರೂವಿನ ಪುಲ್ಲಿ ಹೊಡೆಸಿ ಎರಡು ಬೆಲ್ಟ್ ಹಾಕಿದ್ವಿ, ಅದರ ಕೂಲಿ ಗೌಡ್ರ ಬಿಲ್ಲಿಗೆ ಸೇರಿಸಲಿಲ್ಲ.

ಏರ್ ತೆಗೆಯೋಕೆ ಮತ್ತೆ ಮುಂದೆ ಜಾಕ್ ಕೊಟ್ಟು, 68 ಗ್ರೇಡ್ ಹೈಡ್ರಾಲಿಕ್ ಆಯಿಲ್ ತುಂಬಿ, ಐಡ್ಲಿಂಗಲ್ಲಿ ಆ ಕಡೆಯಿಂದ ಈ ಕಡೆಗೆ ಹತ್ತು ಹನ್ನೆರಡು ಸಲ ನಿಧಾನಕ್ಕೆ ತಿರುಗಿಸಿ, ನೊರೆ ಇಳಿಯೋಕೆ ಬಿಟ್ಟು ಮತ್ತೆ ಎಣ್ಣೆ ಹಾಕಿದ್ವಿ. ಕೆಳಗಿಳಿಸಿ ಗೇಜ್ ಕಟ್ಟಿಕೊಂಡೇ ಟೆಸ್ಟ್ ಮಾಡಿದ್ವಿ. ಕ್ಯಾನಿಗೆ ನಿಮಿಷಕ್ಕೆ 9.7 ಲೀಟರ್ ಬಂತು. ಹುಡುಗನಿಗೆ ಜೋರಾಗಿ ತಿರುಗಿಸು ಅಂದೆ, ಅವನು ಹಳೇ ಅಭ್ಯಾಸದಲ್ಲಿ ಸೀಟಿಂದ ಅರ್ಧ ಎದ್ದು ಎರಡೂ ಕೈ ಹಾಕಿ ಎಳೆದ, ಸ್ಟೇರಿಂಗ್ ಸರ್ರಂತ ಹೋಯ್ತು, ಅವನು ಪಕ್ಕಕ್ಕೆ ವಾಲಿ ಮಡ್‌ಗಾರ್ಡ್ ಹಿಡ್ಕೊಂಡ. ಗೇಜು 38. ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೊದಲು ಎಂಟು ಸೆಕೆಂಡ್ ಬೇಕಿತ್ತು, ಈಗ ನಾಲ್ಕು.

ಗೌಡ್ರು ತಾವೇ ಹತ್ತಿ ಶೆಡ್ ಮುಂದೆ ಎರಡು ರೌಂಡ್ ಹಾಕಿದ್ರು, ಮೂರನೇ ರೌಂಡಿಗೆ ಎದುರುಗಡೆ ಫ್ಯಾಕ್ಟರಿ ವಾಚ್‌ಮನ್ ಬಂದು ಬೈದ. ದುಡ್ಡು ಕೊಡುವಾಗ ಮಾತ್ರ, "ಒಂದು ಪಂಪ್ ಬದಲಾಯಿಸೋಕೆ ಇಷ್ಟಾ?" ಅಂದ್ರು. ಎಲ್ಲ ಗಿರಾಕೀದೂ ಇದೇ ಮಾತು, ಬೇಜಾರಿಲ್ಲ. ಹುಡುಗನಿಗೆ ಅವರ ಮುಂದೇನೇ, ನೀನು ಮೊದಲ ದಿನ ಹೇಳಿದ್ದನ್ನ ಯಾರಾದ್ರೂ ಕೇಳಿದ್ರೆ ಈ ಖರ್ಚಲ್ಲಿ ಅರ್ಧ ಉಳೀತಿತ್ತು ಅಂದೆ, ಆ ಯಾರಾದ್ರೂ ಅನ್ನೋದ್ರಲ್ಲಿ ನಾನೂ ಇದ್ದೆ.

ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಗೌಡ್ರ ಫೋನ್ ಬಂತು. ಸ್ಟೇರಿಂಗ್ ಏನಾದ್ರೂ ಮತ್ತೆ ಕೈ ಕೊಡ್ತಾ ಅಂತ ಹೆದರ್ಕೊಂಡೇ ಎತ್ತಿದೆ. "ಅದೆಲ್ಲ ಚೆನ್ನಾಗೈತೆ ಸಾರ್. ಗಾಡಿ ಮಾರಿದ್ನಲ್ಲ, ಅವನ ಯಾರ್ಡಲ್ಲಿ ಮೂಲೇಲಿ ಒಂದು ಬಕೆಟ್ಟು, ಎರಡು ಕೈ, ಹಳದಿ ಬಣ್ಣದ್ದು ಬಿದ್ದೈತೆ. ನಮ್ದೇ ಇರ್ಬೋದಾ?" ಇರಬಹುದು ಗೌಡ್ರೇ, ಆದ್ರೆ ಅದನ್ನ ಹಾಕಿದ್ರೆ 70 ಬಾರ್ ಸಾಲಲ್ಲ, ರಿಲೀಫ್ ಏರಿಸ್ಬೇಕು, ಬ್ರಾಕೆಟ್ ಇನ್ನೂ ದಪ್ಪ ಮಾಡ್ಬೇಕು, ಲೋಡರಿಗೆ ಬೇರೆ ಪಂಪ್ ಬೇಕು ಅಂದೆ. ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. "ರಾಗಿ ಒಕ್ಕಣೆ ಮುಗೀಲಿ, ಬತ್ತೀನಿ" ಅಂದ್ರು. ಬರುವಾಗ ಆ ಕೈಗಳ ತೂತಿಂದ ತೂತಿಗೆ ಎಷ್ಟಿದೆ ಅಂತ ಅಳತೆ ಬರ್ಕೊಂಡ್ ಬನ್ನಿ ಅಂತ ಹೇಳಿ ಇಟ್ಟೆ.